ಸಾಹೇಬರ ಪಾಳಿ

ಬೆಕ್ಕನ್ನು ಎತ್ತಿಕೊಳ್ಳಲು ಶಿವಲಕ್ಷ್ಮಿ ಎರಡೂ ಕೈ ಚಾಚಿದ್ದೇ ತಡ, ಓದುವ ಮೇಜಿನ ಸುತ್ತ ಕೂತಿದ್ದ ಮೂವರೂ ಒಟ್ಟಿಗೆ ಎದ್ದು ನಿಂತರು. ಹೊತ್ತಾಯಿತು, ಬಾಗಿಲು ಹಾಕಬೇಕು ಎಂದು ಗಂಟಲು ಹರಿಯುವಂತೆ ಕೂಗಿದರೂ ಕುರ್ಚಿ ಬಿಟ್ಟು ಏಳದ ಜನ ಇವರು.

"ಅಕ್ಕಾ, ಈಗ ಬ್ಯಾಡಿ ಅಕ್ಕಾ. ಈಗ್ತಾನೆ ಮಲಗವ್ರೆ," ಎಂದಳು ನವ್ಯಶ್ರೀ.

ಮಲಗಿದ್ದವರು ಸಾಹೇಬರು. ಒಲೆಯ ಬೂದಿಯ ಬಣ್ಣದ ಆ ಗಂಡು ಬೆಕ್ಕು ನವ್ಯಶ್ರೀಯ ಪರೀಕ್ಷೆಯ ಪುಸ್ತಕದ ಮೇಲೆ ಬಾಲ ಸುತ್ತಿಕೊಂಡು, ಒಂದು ಕಣ್ಣು ಅರೆ ತೆರೆದು, ಜಗತ್ತೆಲ್ಲ ತನಗೆ ಕಂದಾಯ ಕಟ್ಟಬೇಕು ಎನ್ನುವಂತೆ ಬಿದ್ದುಕೊಂಡಿತ್ತು. ಅದು ಯಾವ ಪಾಠದ ಮೇಲೆ ಮಲಗುತ್ತದೋ ಆ ಪಾಠದಿಂದಲೇ ಪ್ರಶ್ನೆ ಬರುತ್ತದೆ ಎಂಬುದು ಹುಣಸೆದೊಡ್ಡಿ ಗ್ರಂಥಾಲಯಕ್ಕೆ ಬರುವ ಹುಡುಗ ಹುಡುಗಿಯರ ನಂಬಿಕೆ. ಹಿಂದಿನ ಸಲ ಪೊಲೀಸ್ ಪರೀಕ್ಷೆ ಪಾಸಾದವನೊಬ್ಬ ಹಾಗೆಂದು ಹೇಳಿ ಪುಣ್ಯ ಕಟ್ಟಿಕೊಂಡಿದ್ದ. ಅಂದಿನಿಂದ ಎಲ್ಲರೂ ಕಷ್ಟದ ಪಾಠ ತೆರೆದಿಟ್ಟು ಬೆಕ್ಕಿನ ದಾರಿ ಕಾಯುತ್ತಾರೆ. ಓದುವುದಿಲ್ಲ, ಕಾಯುತ್ತಾರೆ. ಇದನ್ನು ನೋಡಿದಾಗಲೆಲ್ಲ ಶಿವಲಕ್ಷ್ಮಿಗೆ ಕಪಾಟಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

"ಮಲಗ್ಲಿ, ಏಳ್ಲಿ, ನಂಗೇನು? ಮನೇಲಿ ಹುಳ ಹಣ್ಣಾಗವೆ. ನಮ್ಮತ್ತೆ ಬೆಳಗ್ಗಿಂದ ಮೂರು ಸಲ ಫೋನ್ ಮಾಡವ್ರೆ. ಬುಟ್ಟಿ ತಂದಿವ್ನಿ, ಹಾಕ್ಕೊಂಡು ಹೊಯ್ತಾ ಇರ್ತೀನಿ," ಎಂದಳು.

"ಒಂದೇ ಒಂದಿನ ಬುಟ್ಟು ಕರ್ಕೊಂಡೋಗವ್ವ," ಎಂದರು ಚೆಲುವಯ್ಯ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ದಿನಾ ಬೆಳಗ್ಗೆ ಬೇಕರಿಯಿಂದ ಬನ್ನು, ಹಾಲು ತಂದು ಸಾಹೇಬರಿಗೆ ನೆನೆಸಿ ಕೊಟ್ಟ ಮೇಲೆಯೇ ಪತ್ರಿಕೆ ಮುಟ್ಟುವುದು. "ನಾಳೆ ಬೆಂಗ್ಳೂರಿಂದ ಯಾರೋ ನೋಡಕ್ ಬತ್ತಾವ್ರಂತೆ. ಲೋಕೇಶ ಮಾತು ಕೊಟ್ಟವ್ನೆ."

ಲೋಕೇಶ್ ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುವ ಹುಡುಗ. ಉಳಿದ ಹೊತ್ತೆಲ್ಲ ಬೆಕ್ಕಿನ ಫೋಟೋ ತೆಗೆದು ಫೋನಿನಲ್ಲಿ ಊರೂರಿಗೆ ಹಂಚುತ್ತಾನೆ. ಅದರ ಫಲವಾಗಿ ಕೆಂಗಲ್ ಆಂಜನೇಯನಿಗೆ ಕೈ ಮುಗಿದವರು ಅಲ್ಲಿಂದ ಕಾರು ತಿರುಗಿಸಿಕೊಂಡು ಇಲ್ಲಿಗೂ ಬರತೊಡಗಿದ್ದಾರೆ. ಬಂದವರು ಬಾಗಿಲಲ್ಲೇ ನಿಂತು, "ಸಾಹೇಬ್ರು ಇದಾರಾ?" ಎನ್ನುತ್ತಾರೆ. ಇದ್ದಾರೆ ಎಂದರೆ ಶಿವಲಕ್ಷ್ಮಿಯನ್ನು ದಾಟಿಕೊಂಡು ಒಳಗೆ ಹೋಗುತ್ತಾರೆ. ಇವತ್ತಿನವರೆಗೆ ಅವರಲ್ಲಿ ಒಬ್ಬರೂ ಒಂದು ಪುಸ್ತಕದ ಬೆನ್ನು ಸಹ ಸವರಿ ನೋಡಿಲ್ಲ.

"ಮಾತು ಕೊಟ್ಟಿರೋನು ಅವನು. ಅವನ್ನೇ ಮೇಜಿನ ಮೇಲೆ ಮಲಗ್ಸಿ ತೋರ್ಸು ದೊಡ್ಡಪ್ಪ," ಎಂದಳು ಶಿವಲಕ್ಷ್ಮಿ.

ಲೋಕೇಶ್ ನಗಲು ಹೋಗಿ, ಅವಳ ಮುಖ ನೋಡಿ ಫೋನಿನತ್ತ ತಲೆ ತಗ್ಗಿಸಿದ.

ನಗುವ ಮಾತಾಗಿರಲಿಲ್ಲ ಅದು. ಬೆಕ್ಕು ಮೊದಲಿಗೆ ಅವರ ಹುಳಮನೆಯದು. ಅತ್ತೆ ಕೆಂಚಮ್ಮ ಅದನ್ನು ಮರಿಯಿಂದ ಸಾಕಿ, ರೇಷ್ಮೆ ಹುಳುವನ್ನು ಮೂಸದಂತೆ, ಇಲಿಯನ್ನು ಬಿಡದಂತೆ ಪಳಗಿಸಿದ್ದಳು. ಗ್ರಂಥಾಲಯದಲ್ಲಿ ಇಲಿಗಳು ಪುಸ್ತಕದ ಅಂಟು ತಿನ್ನತೊಡಗಿದಾಗ, ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವಿನ ಬಿಡುವಿನಲ್ಲಿ ಶಿವಲಕ್ಷ್ಮಿಯೇ ಅದನ್ನು ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು ತಂದಿದ್ದಳು. ಎಂಥ ಗಳಿಗೆಯಲ್ಲಿ ತಂದಳೋ. ಇಲ್ಲಿ ಬನ್ನು ಹಾಲು ಸಿಕ್ಕ ಮೇಲೆ ಅದು ಇಲಿಯತ್ತ ನೋಡುವುದನ್ನೇ ಬಿಟ್ಟಿತು. ಆದರೆ ಹುಳ ಹಣ್ಣಾಗಿ, ಸೊಪ್ಪು ತಿನ್ನುವುದು ನಿಲ್ಲಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ಏರುವ ದಿನಗಳಲ್ಲಿ ಮನೆಗೆ ಒಯ್ದರೆ ಮಾತ್ರ ಹಳೆಯ ಕಸುಬು ನೆನಪಾಗಿ, ಚಂದ್ರಿಕೆಗಳ ಸಾಲಿನ ಕೆಳಗೆ ಕಾವಲುಗಾರನ ಹಾಗೆ ತಿರುಗುತ್ತಿತ್ತು.

ಹೋದ ಬೆಳೆಯಲ್ಲಿ ಅದು ತಪ್ಪಿತ್ತು. ಹುಳ ಚಂದ್ರಿಕೆ ಏರುವ ದಿನವೇ ಇಲ್ಲಿ ಸಾಹೇಬರ ಹುಟ್ಟುಹಬ್ಬ. ಬೆಕ್ಕು ಹುಟ್ಟಿದ ದಿನ ಇವರಿಗೆ ಯಾವ ಜೋಯಿಸ ಹೇಳಿದನೋ! ಕೇಕು ತರಿಸಿ, ಬಲೂನು ಕಟ್ಟಿ, ನಾಳೆ ಕಳಿಸುತ್ತೇವೆ ಅಕ್ಕಾ ಎಂದು ಮುಖ ಸಣ್ಣದು ಮಾಡಿದರು. ಅವಳು ಒಪ್ಪಿದಳು. ಬೆಳಗ್ಗೆ ಎದ್ದು ನೋಡಿದರೆ ಚಂದ್ರಿಕೆಗಳಲ್ಲಿ ಅರ್ಧಕ್ಕರ್ಧ ಬರೀ ಹುಳದ ತಲೆಗಳು.

ಅಂದು ಕೆಂಚಮ್ಮ ಕೂಗಾಡಿರಲಿಲ್ಲ. ಚಂದ್ರಿಕೆಯನ್ನು ಅಂಗಳದಲ್ಲಿ ಕೊಡವುತ್ತಾ ಹೇಳಿದ್ದಿಷ್ಟೆ: "ಇನ್ನೊಂದು ಬೆಳೆ ಹಿಂಗಾದ್ರೆ ಲೈಬ್ರರಿ ಬೀಗದ ಕೈ ಪಂಚಾಯ್ತಿಗೆ ಕೊಟ್ಬುಟ್ಟು ಬಾ. ಬೆಕ್ಕಿಲ್ದಿದ್ರೆ ಸೊಸೆ ಕೂತ್ಕೋಬೇಕು. ಇಲಿಗೆ ಯಾರಾದ್ರೂ ಒಬ್ರು ಬೇಕಲ್ಲ."

ಆ ಬೀಗದ ಕೈ ಶಿವಲಕ್ಷ್ಮಿಯ ಸೆರಗಿನ ತುದಿಯಲ್ಲಿ ಗಂಟು ಬಿದ್ದು ವರ್ಷಗಳಾಗಿದ್ದವು. ಮದುವೆಯಾಗಿ ಬಂದ ಮನೆಯಲ್ಲಿ ಬಾಗಿಲು, ಪೆಟ್ಟಿಗೆ, ಕಾಳಿನ ಹಗೇವು ಎಲ್ಲವೂ ಬೇರೆಯವರವು. ಇದೊಂದು ಕೋಣೆ ಅವಳು ತೆರೆದರೆ ತೆರೆಯುತ್ತದೆ, ಮುಚ್ಚಿದರೆ ಮುಚ್ಚುತ್ತದೆ. ಬೆಳಗಿನ ಬಿಸಿಲು ಕಿಟಕಿಯಿಂದ ಕಪಾಟಿನ ಮೇಲೆ ಬೀಳುವ ಹೊತ್ತಿಗೆ ಅವಳೊಬ್ಬಳೇ ನಿಂತು ಧೂಳು ಒರೆಸುವಾಗ, ಏಳು ಸುತ್ತಿನ ಕೋಟೆಯೊಳಗೆ ಯಾರ ಕರೆಯೂ ತಲುಪದ ಮಾಳಿಗೆಯೊಂದರಲ್ಲಿ ತಾನಿದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಸಾಹೇಬರ ಭಕ್ತಾದಿಗಳು ಬರುತ್ತಿದ್ದರು.

"ಸರೀರಿ ಎಲ್ರೂ," ಎಂದು ಅವಳು ಬೆಕ್ಕಿನ ಹೊಟ್ಟೆಯಡಿ ಕೈ ಹಾಕಿ ಎತ್ತಿಯೇಬಿಟ್ಟಳು. ಎತ್ತಿದವಳು ಹಾಗೇ ನಿಂತಳು. ಮೂಗಿಗೆ ಘಾಟು ಹತ್ತಿತು. ಕೈ ನೋಡಿಕೊಂಡರೆ ಬೆರಳ ಸಂದಿಯಲ್ಲೆಲ್ಲ ಬಿಳಿ ಪುಡಿ.

"ಏನಿದು?"

"ಚಿಗಟದ ಪೌಡ್ರು ಅಕ್ಕ," ಎಂದಳು ನವ್ಯಶ್ರೀ ಹಿಗ್ಗಿನಿಂದ. "ನಿನ್ನೆಯೆಲ್ಲ ಕೆರ್ಕೊಂತಾನೇ ಇದ್ರು, ಪಾಪ. ಚನ್ನಪಟ್ಟಣಕ್ಕೆ ಹೋಗಿ ಒಳ್ಳೇದೇ ತಂದೆ. ಬೆಳಗ್ಗೆ ನಾನು, ಲೋಕೇಶಣ್ಣ ಸೇರಿ ಕೂದಲೊಳಕ್ಕೆಲ್ಲ ಉಜ್ಜಿದ್ವಿ. ನಿಮ್ಮನ್ನ ಕೇಳ್ಕೊಂಡೇ ಹಾಕಿದ್ದು."

"ನನ್ನ ಯಾವಾಗ ಕೇಳ್ದೆ?"

ಕೇಳುತ್ತಿದ್ದ ಹಾಗೆ ನೆನಪಾಯಿತು. ಬೆಳಗ್ಗೆ ಅವಳು ಹಳೆ ಪತ್ರಿಕೆಗಳಿಗೆ ದಾರ ಕಟ್ಟುತ್ತಿದ್ದಳು. ಹುಡುಗಿ ಬೆನ್ನ ಹಿಂದೆ ಡಬ್ಬಿಯೊಂದನ್ನು ಹಿಡಿದು, ಸಾಹೇಬರಿಗೆ, ಸಾಹೇಬರಿಗೆ ಎಂದು ಏನೋ ಹೇಳುತ್ತಿತ್ತು. ತಲೆ ಚಿಟ್ಟು ಹಿಡಿದಿತ್ತು ಅವಳಿಗೆ. ತಿರುಗಿಯೂ ನೋಡದೆ ಅಂದಿದ್ದಳು: "ಏನಾರ ಬಳ್ಕೋ ತಾಯಿ, ನನ್ನ ಕೆಲಸ ಮಾಡಕ್ಕೆ ಬುಡು."

ಬೆಕ್ಕನ್ನು ಮೇಜಿನ ಮೇಲೆ ಬಿಟ್ಟಳು. ಅದು ಮೈ ಕೊಡವಿತು. ಬಿಸಿಲಿನಲ್ಲಿ ಪುಡಿ ಸಣ್ಣಗೆ ಹೊಗೆಯಾಡಿ ಇಳಿಯಿತು.

ಚಿಗಟ ಸಾಯಿಸುವುದು ರೇಷ್ಮೆ ಹುಳವನ್ನು ಬಿಡುತ್ತದೆಯೇ? ಹುಳಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಊದುಬತ್ತಿಯೂ ಇಲ್ಲ. ಪಕ್ಕದ ಹೊಲದವರು ಟೊಮೇಟೊಗೆ ಔಷಧಿ ಹೊಡೆದರೆ ಕೆಂಚಮ್ಮ ಬೇಲಿಯ ಬಳಿ ನಿಂತು ಸೆರಗು ಹಿಡಿದು, ಗಾಳಿ ಯಾವ ಕಡೆಗೆ ಎಂದು ನೋಡುತ್ತಾಳೆ. ಅಂಥ ಮನೆಯೊಳಗೆ ಈ ಪುಡಿಯ ಮೂಟೆಯನ್ನು ಬಿಟ್ಟರೆ ಒಂದು ಸುತ್ತು ಸಾಕು. ಇಲಿಯಾದರೂ ಅರ್ಧ ಉಳಿಸಿತ್ತು.

ಅವಳು ಇದನ್ನೆಲ್ಲ ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ನವ್ಯಶ್ರೀಯ ಮುಖ ಬಿಳಿಚಿಕೊಂಡಿತು.

"ತೊಳದ್ರೆ ಹೋಯ್ತದೆ ಅಕ್ಕ. ಶಾಂಪೂ ಹಾಕಿ..."

ಲೋಕೇಶ್ ಡಬ್ಬಿಯನ್ನು ತಿರುಗಿಸಿ ಓದುತ್ತಿದ್ದ. ಆ ಗ್ರಂಥಾಲಯದಲ್ಲಿ ಅವನು ಅಷ್ಟು ಗಮನವಿಟ್ಟು ಓದಿದ್ದು ಅದೇ ಮೊದಲು. "ತೊಳದ್ರೂ ತಿಂಗಳುಗಟ್ಲೆ ಇರ್ತದಂತೆ," ಎಂದ ಮೆಲ್ಲಗೆ.

"ಇರ್ಲಿ ಬುಡು! ಚೆನ್ನಾಗಿರ್ಲಿ! ಹಾರ ಒಂದು ಬಾಕಿ ಐತೆ, ಅದನ್ನೂ ಹಾಕ್ಬುಡಿ," ಎಂದು ಶಿವಲಕ್ಷ್ಮಿ ಕೈ ಝಾಡಿಸಿದಳು. "ಬೆಕ್ಕಂತೆ, ಸಾಹೇಬ್ರಂತೆ! ಓದಕ್ಕೆ ಬನ್ರಪ್ಪಾ ಅಂದ್ರೆ ಓದಲ್ಲ, ಎದ್ದೋಗ್ರಪ್ಪಾ ಅಂದ್ರೆ ಎದ್ದೋಗಲ್ಲ. ಅದು ಕೆರ್ಕೊಂಡ್ರೆ ನಿಮಗ್ಯಾಕೆ ಕಡಿತೈತೆ? ಕೆರ್ಕೊಳ್ಲಿ ಬುಡಿ, ಅದಕ್ಕೆ ಉಗುರು ಕೊಟ್ಟಿಲ್ವಾ ದೇವ್ರು?"

ಇನ್ನೂ ಬಯ್ಯುವುದಿತ್ತು. ಆದರೆ ಬೆಳಗ್ಗೆ ಬಳ್ಕೋ ಅಂದವಳು ತಾನೇ. ಹೊರಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆದಳು. ಮತ್ತೆ ತೊಳೆದಳು. ಮೂಸಿ ನೋಡಿ ಮತ್ತೊಮ್ಮೆ ತೊಳೆದಳು. ಗಂಡ ಶಿವರಾಜು ಹಾಲಿನ ವ್ಯಾನು ಓಡಿಸುವವನು, ಬೆಳಗಿನ ಜಾವ ಎದ್ದು ಹೋಗಬೇಕು. ರಾತ್ರಿ ಅವನನ್ನು ಕೂರಿಸುವಂತಿಲ್ಲ. ಅತ್ತೆಗೆ ಮಂಡಿನೋವು. ಸಂಜೆಯೊಳಗೆ ಹುಳವೆಲ್ಲ ಚಂದ್ರಿಕೆ ಏರುತ್ತವೆ. ಇವತ್ತು ಕೂತರೆ ಗೂಡು ಗಟ್ಟಿಯಾಗುವವರೆಗೂ ಅವಳೇ ಕೂರಬೇಕು. ಈ ಬೆಳೆಗೆ ಕೂತವಳು ಮುಂದಿನ ಬೆಳೆಗೂ ಕೂರುತ್ತಾಳೆ.

ಒಳಗೆ ಬಂದಾಗ ಮೂವರೂ ತಲೆ ಸೇರಿಸಿ ಪಿಸುಗುಡುತ್ತಿದ್ದರು. ಚೆಲುವಯ್ಯ ಗಂಟಲು ಸರಿಮಾಡಿಕೊಂಡರು.

"ನಾವೇ ಬತ್ತೀವಿ ಕಣವ್ವ."

"ಎಲ್ಲಿಗೆ?"

"ನಿಮ್ಮ ಹುಳಮನೆಗೆ. ಇಲಿ ಕಾಯಕ್ಕೆ. ಸಾಹೇಬ್ರು ಮಾಡೋ ಕೆಲ್ಸ ಕೆಟ್ಟಿದ್ದು ನಮ್ಮಿಂದ್ಲೇ ಅಲ್ವಾ?"

"ನಂಗಿವತ್ತು ವಾರದ ರಜಾ ಮೇಡಂ," ಎಂದ ಲೋಕೇಶ್. "ರಾತ್ರಿ ಪಾಳಿ ಮಾಡಿ ಅಭ್ಯಾಸ ಐತೆ. ಸಾಹೇಬ್ರ ಪಾಳಿ ನಾನು ಮಾಡ್ತೀನಿ. ಉಳಿದ ದಿನ ರಜಾ ಹಾಕಿದ್ರಾಯ್ತು."

ಶಿವಲಕ್ಷ್ಮಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಇದಕ್ಕಿಂತ ಆ ಬೆಕ್ಕೇ ವಾಸಿ ಅನ್ನಿಸಿತು. ಆದರೆ ಬೇರೆ ದಾರಿ ಕಾಣಲಿಲ್ಲ.

"ಬರೋರು ಸ್ನಾನ ಮಾಡ್ಕೊಂಡು ಬನ್ನಿ," ಎಂದಳು. "ಸೋಪು ವಾಸ್ನೆ ಇರಬಾರ್ದು. ಪೌಡ್ರು, ಸೆಂಟು, ತಲೆಗೆಣ್ಣೆ, ಏನೂ ಇರಬಾರ್ದು. ಒಗೆದ ಬಟ್ಟೆ ಹಾಕ್ಕೊಳ್ಳಿ. ಆ ಪುಡಿ ಮುಟ್ಟಿರೋರು ಎರಡು ಸಲ ತಿಕ್ಕೊಳ್ಳಿ."

ಪುಡಿ ಪೂರ್ತಿ ಹೋಗುವವರೆಗೆ ಬೆಕ್ಕನ್ನು ಚೆಲುವಯ್ಯನವರ ಹೆಂಡತಿಯ ವಶಕ್ಕೆ ಬಿಟ್ಟಿದ್ದಾಯಿತು. ಸೋಪಿನ ನೀರಿನಲ್ಲಿ ಮೇಜು ಒರೆಸಿ, ಬೀಗ ಹಾಕಿ, ಶಿವಲಕ್ಷ್ಮಿ ಖಾಲಿ ಬುಟ್ಟಿ ಹಿಡಿದು ಮನೆಗೆ ನಡೆದಳು.

ಕೆಂಚಮ್ಮ ಹುಳಮನೆಯ ಬಾಗಿಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಮೊದಲು ಬುಟ್ಟಿ ನೋಡಿದಳು. ಆಮೇಲೆ ಸೊಸೆಯ ಮುಖ.

"ಬೂದ ಎಲ್ಲಿ?"

ಮನೆಯಲ್ಲಿ ಬೆಕ್ಕಿನ ಹೆಸರು ಅದು. ಶಿವಲಕ್ಷ್ಮಿ ಉತ್ತರ ಕೊಡುವ ಮೊದಲೇ ಹಿಂದಿನಿಂದ ಮೂವರೂ ಒದ್ದೆ ತಲೆಯಲ್ಲಿ ಅಂಗಳಕ್ಕೆ ಬಂದರು. ನವ್ಯಶ್ರೀ ಮುಂದೆ ಬಂದಳು.

"ಅಜ್ಜಿ, ನನ್ದೇ ತಪ್ಪು. ಚಿಗಟದ ಪೌಡ್ರು ಹಾಕ್ಬುಟ್ಟೆ. ನಂಗೆ ಗೊತ್ತಿರ್ಲಿಲ್ಲ."

"ಹಾಕು ಅಂದೋಳು ನಾನೇ, ಅತ್ತೆ," ಎಂದಳು ಶಿವಲಕ್ಷ್ಮಿ. "ಏನು ಅಂತ ತಿರುಗಿ ನೋಡ್ಲಿಲ್ಲ. ಸಿಟ್ಟಲ್ಲಿ ಅಂದ್ಬುಟ್ಟೆ."

ಕೆಂಚಮ್ಮ ತಿರುಗಿ ಹುಳಮನೆಯೊಳಗೆ ನೋಡಿದಳು. ಒಳಗೆ ಹಣ್ಣಾದ ಹುಳಗಳು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿ ತೂಗುತ್ತಿದ್ದವು. ಕಾಯುವ ಹೊತ್ತಲ್ಲ ಅದು.

"ಇವರೆಲ್ಲ ಯಾಕೆ ಬಂದವ್ರೆ?"

"ಬೂದನ ಬದ್ಲಿಗೆ."

ಕೆಂಚಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿದಳು. "ಸರಿ," ಎಂದಳು. "ಇವ್ರಲ್ಲಿ ಇಲಿ ಹಿಡಿಯೋನು ಯಾವನು?"

"ಹಿಡಿಯಕ್ಕಾಗಲ್ಲ ಕಣವ್ವ," ಎಂದರು ಚೆಲುವಯ್ಯ. "ಓಡುಸ್ತೀವಿ. ಟಿಕೆಟ್ ತಗೊಳ್ದೇ ಇರೋರ್ನ ಜನ್ಮೆಲ್ಲ ಓಡ್ಸಿವ್ನಿ."

"ಅವ್ರು ಇಳಿದು ಹೋಗೋರು ಕಣಣ್ಣ. ಇವು ಹೊಟ್ಟೆಗೆ ಹಾಕ್ಕೊಂಡು ಹೋಗವು." ಅವಳು ಹತ್ತಿರ ಬಂದು ಮೂಸಿದಳು. "ಏನಣ್ಣ, ಸೊಂಟದಲ್ಲೇನೈತೆ?"

ನಶ್ಯದ ಡಬ್ಬಿ ಹೊರಬಂತು. ಅದು ಹೊರಗೋಡೆಯ ದೀಪದ ಗೂಡಿನಲ್ಲಿ ಕೂತಿತು. ಲೋಕೇಶನ ಹತ್ತಿರ ನಿಂತು ಕೆಂಚಮ್ಮ ಮೂಗು ಮುಚ್ಚಿಕೊಂಡಳು. "ಏನ್ಲಾ ಇದು ಮಗ, ಮದ್ವೆ ಗಂಡಾಗಿ ಬಂದಿದ್ದೀಯ? ಹುಳಕ್ಕೆ ಹೆಣ್ಣು ಕೇಳಕ್ಕೆ ಬಂದ್ಯಾ?"

"ಸ್ನಾನ ಮಾಡಿವ್ನಿ ಅಜ್ಜಿ, ದೇವ್ರಾಣೆ. ಒಸಿ ಸ್ಪ್ರೇ ಹೊಡ್ಕೊಂಡೆ ಅಷ್ಟೆ, ಅಭ್ಯಾಸಕ್ಕೆ."

"ತೊಟ್ಟಿಗೆ ಹೋಗು. ತಲೆ ಮೇಲೆ ಸುರ್ಕೊ. ನಾನು ಸಾಕು ಅನ್ನೋಗಂಟ ಸುರ್ಕೊ."

ಶಿವಲಕ್ಷ್ಮಿಯೂ ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ಮೈಕೈ ತಿಕ್ಕಿಕೊಂಡು, ಬೇರೆ ಸೀರೆ ಉಟ್ಟು ಬಂದಳು. ಲೋಕೇಶ್ ಅವಳ ಗಂಡನ ಹಳೆಯ ಅಂಗಿ ತೊಟ್ಟು, ನಡುಗುತ್ತ, ಹುಳಕ್ಕೆ ರೋಗ ತಾಗದಂತೆ ಬಾಗಿಲಲ್ಲಿ ಹರವಿದ್ದ ಸುಣ್ಣದ ಪುಡಿ ತುಳಿದು ಒಳಗೆ ಬಂದ. ಹುಳ ಆರಿಸಿ ಚಂದ್ರಿಕೆಗೆ ಬಿಡುವ ಕೆಲಸ ಶುರುವಾಯಿತು. ಹಸಿರು ಬಣ್ಣ ಕಳೆದು, ಮಾಗಿದ ದ್ರಾಕ್ಷಿಯ ಹಾಗೆ ಬೆಳಕು ತೂರುವ ಹುಳವನ್ನು ಮಾತ್ರ ಎತ್ತಬೇಕು. ನವ್ಯಶ್ರೀ ಮೊದಲ ಹುಳವನ್ನು ಎರಡು ಬೆರಳಲ್ಲಿ ಹಿಡಿದು ಕಿಟಾರನೆ ಕಿರುಚಿದಳು.

"ಕಚ್ಚಲ್ಲ ಕಣಮ್ಮಿ. ಬೆಕ್ಕಿಗೆ ಮುತ್ತು ಕೊಡ್ತೀಯಂತೆ, ಇದಕ್ಕೆ ಯಾಕೆ ಹಿಂಗೆ?" ಎಂದಳು ಕೆಂಚಮ್ಮ.

"ತಣ್ಣಗದೆ ಅಜ್ಜಿ," ಎಂದಳು ಹುಡುಗಿ ಸ್ವಲ್ಪ ಹೊತ್ತಿನ ಮೇಲೆ, ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ.

"ಅಜ್ಜೀ, ಇದು ಹಣ್ಣಾ ಕಾಯಾ?" ಎಂದು ಲೋಕೇಶ್ ಒಂದೊಂದಕ್ಕೂ ಕೇಳತೊಡಗಿದ. ಮೊದಲು ಸಮಾಧಾನದಿಂದ ಹೇಳುತ್ತಿದ್ದ ಕೆಂಚಮ್ಮ ಕೊನೆಗೆ, "ನಿನ್ನ ತಲೆ ಇನ್ನೂ ಕಾಯಿ, ಅದು ಗೊತ್ತಾಯ್ತು," ಎಂದು ತಟ್ಟೆಯನ್ನೇ ತನ್ನ ಕಡೆಗೆ ಎಳೆದುಕೊಂಡಳು. ಚೆಲುವಯ್ಯ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸುತ್ತ, "ಹಿಂದೆ ಹೋಗಿ, ಹಿಂದೆ ಹೋಗಿ, ಮಧ್ಯ ಜಾಗ ಐತೆ," ಎಂದು ತಮ್ಮಷ್ಟಕ್ಕೇ ಅನ್ನುತ್ತಿದ್ದರು. ಶಿವಲಕ್ಷ್ಮಿಗೆ ನಗುವುದಕ್ಕೂ ಬಿಡುವಿರಲಿಲ್ಲ. ಒಬ್ಬನ ಮೊಣಕೈ ತಟ್ಟೆಗೆ ತಗುಲದಂತೆ, ಇನ್ನೊಬ್ಬಳ ಜಡೆ ಹುಳದ ಮೇಲೆ ಬೀಳದಂತೆ ನೋಡುವುದರಲ್ಲೇ ಹೊತ್ತು ಮುಳುಗಿತು. ಬೆಕ್ಕೊಂದು ತಾನಾಗಿ ಮಾಡುವ ಕೆಲಸಕ್ಕೆ ಮೂರು ಜನರನ್ನು ಕಾಯುವ ನಾಲ್ಕನೆಯವಳು ಬೇಕಾಯಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಮರುದಿನ ಬೆಳಗ್ಗೆ ಅವಳು ಕಾಫಿ ತಂದಾಗ ಚೆಲುವಯ್ಯ ಗೋಡೆಗೊರಗಿ ಬಾಯಿ ತೆರೆದು ನಿದ್ರಿಸುತ್ತಿದ್ದರು. ಲೋಕೇಶ್ ಕೋಲು ಹಿಡಿದು ಸಾಲುಗಳ ನಡುವೆ ಇನ್ನೂ ಸುತ್ತುತ್ತಿದ್ದ. ನವ್ಯಶ್ರೀ ಗೋಣಿಚೀಲದ ಮೇಲೆ ಕೂತು ಕೆಂಪು ಕಣ್ಣಿನಲ್ಲಿ ಪುಸ್ತಕ ಓದುತ್ತಿದ್ದಳು. ಚಂದ್ರಿಕೆಗಳ ಸುರುಳಿಯೊಳಗೆ ಹುಳಗಳು ತಮ್ಮ ಸುತ್ತ ಮಂಜಿನಂಥ ಬಲೆ ಹೆಣೆದುಕೊಳ್ಳುತ್ತಿದ್ದವು. ಶಿವಲಕ್ಷ್ಮಿ ಒಂದೊಂದನ್ನೂ ಬಗ್ಗಿ ನೋಡಿದಳು. ಎಲ್ಲಿಯೂ ಬರೀ ತಲೆ ಕಾಣಲಿಲ್ಲ.

"ನೋಡಿದ್ದು ಸಾಕು," ಎಂದಳು ಕೆಂಚಮ್ಮ ಹಿಂದಿನಿಂದ. ಅವಳ ಕಣ್ಣೂ ಕೆಂಪಗಿತ್ತು. "ರಾತ್ರಿಯೆಲ್ಲ ಬಾಯಿ ಮುಚ್ಚಿಲ್ಲ ಕಣೇ ಇವು. ಅವಳು ಪ್ರಶ್ನೆ ಕೇಳೋದು, ಅವನು ತಪ್ಪು ಉತ್ರ ಹೇಳೋದು, ಈವಣ್ಣ ಇಬ್ರಿಗೂ ಬಯ್ಯೋದು. ಯಾವ ಇಲಿ ಬತ್ತದೆ ಈ ಗದ್ಲಕ್ಕೆ? ನಂಗೇ ಎದ್ದು ಎಲ್ಲಾರ ಓಡೋಗಣ ಅನ್ಸಿತ್ತು."

"ಇವತ್ತು ನಾನು ಕೂತ್ಕೋತೀನಿ ಅತ್ತೆ. ಇವ್ರು ಹೋಗ್ಲಿ."

"ನೀನು ಕೂತು ಏನ್ ಮಾಡ್ತೀಯ? ನಿಂಗೆ ಅಷ್ಟು ಮಾತು ಬತ್ತದಾ?" ಕೆಂಚಮ್ಮ ಕಾಫಿ ಲೋಟ ಕಿತ್ತುಕೊಂಡಳು. "ಗೂಡು ಬಿಡ್ಸೋಗಂಟ ಇವ್ರೇ ಇರ್ಲಿ. ನಿನ್ನ ಗಂಡನ ಅಂಗಿ ಇನ್ನೊಂದು ತಂದ್ಕೊಡು, ಆ ಹೈದ ಗಬ್ಬು ನಾರ್ತಾವ್ನೆ." ಒಂದು ಗುಟುಕು ಕುಡಿದು, ಸೊಸೆಯ ಕಡೆ ನೋಡದೆ, "ಹೊತ್ತಾಯ್ತು, ಹೋಗು. ಬಾಗ್ಲು ತೆಗೀಬೇಕಲ್ವಾ ನೀನು?" ಎಂದಳು.

ಗ್ರಂಥಾಲಯದಲ್ಲಿ ಒಂದು ನೊಣವೂ ಇರಲಿಲ್ಲ. ಶಿವಲಕ್ಷ್ಮಿ ಕಿಟಕಿ ತೆರೆದಳು, ಪತ್ರಿಕೆ ಹರವಿದಳು, ಕುರ್ಚಿಗಳನ್ನು ನೇರ ಮಾಡಿದಳು. ಅಷ್ಟರಲ್ಲಿ ಬಾಗಿಲ ಬಳಿ ಕಾರು ನಿಂತು, ಗಂಡ ಹೆಂಡಿರಿಬ್ಬರು ಇಳಿದರು. ಹೆಂಡತಿಯ ಕೈಯಲ್ಲಿ ಫೋನು ಆಗಲೇ ಸಿದ್ಧವಾಗಿತ್ತು.

"ಮೇಡಂ, ಸಾಹೇಬ್ರು ಇದಾರಾ? ಲೋಕೇಶ್ ಅನ್ನೋರು ಹೇಳಿದ್ರು. ಬೆಂಗಳೂರಿಂದ ಬೆಳಗ್ಗೇನೇ ಹೊರಟ್ವಿ."

ಶಿವಲಕ್ಷ್ಮಿ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ತೆರೆದಳು. "ಇಲ್ಲ. ಇನ್ನೊಂದು ತಿಂಗಳು ಇರಲ್ಲ."

"ಅಯ್ಯೋ," ಎಂದಳು ಆಕೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, "ಮೇಡಂ, ನಿಮ್ಮ ಸೀರೆ ಮೇಲೆ ಏನೋ ಹರೀತಿದೆ," ಎಂದಳು.

ನೆರಿಗೆಯ ಮಡಿಕೆಯಲ್ಲಿ ಒಂದು ಹುಳ ಅಂಟಿಕೊಂಡು ಬಂದಿತ್ತು. ಹಣ್ಣು ಹುಳ. ಶಿವಲಕ್ಷ್ಮಿ ಅದನ್ನು ಬೆರಳ ಮೇಲೆ ಏರಿಸಿಕೊಂಡು ಸುತ್ತ ನೋಡಿದಳು. ಪುಡಿ ಬಿದ್ದಿದ್ದ ಮೇಜಿನ ಕಡೆ ಹೋಗಲಿಲ್ಲ. ಸ್ಟೂಲು ಹತ್ತಿ, ಎತ್ತರದ ಕಪಾಟಿನಲ್ಲಿ ಯಾರೂ ಕೇಳದ ಎರಡು ದಪ್ಪ ನಿಘಂಟುಗಳ ನಡುವಿನ ಸಂದಿಗೆ ಬೆರಳು ಹಿಡಿದಳು. ಹುಳ ಸ್ವಲ್ಪ ಯೋಚಿಸಿ, ಇಳಿಯಿತು.

"ಅದೇನು ಮಾಡುತ್ತೆ ಈಗ?" ಎಂದು ಗಂಡ ಕೇಳಿದ.

"ಮಾತಾಡ್ಬೇಡಿ. ಕೂತ್ಕೊಳ್ಳಿ."

ಅವರಿಬ್ಬರೂ ಬೆಂಚಿನ ತುದಿಯಲ್ಲಿ ಕೂತರು. ಫೋನು ಮಡಿಲಿಗೆ ಇಳಿಯಿತು. ಶಿವಲಕ್ಷ್ಮಿ ಸ್ಟೂಲಿನ ಮೇಲೆಯೇ ನಿಂತಿದ್ದಳು. ಹುಳ ಹಿಂಗಾಲೂರಿ, ಅರ್ಧ ಮೈ ಗಾಳಿಗೆತ್ತಿ, ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತೂಗಿತು. ಒಂದು ಪುಸ್ತಕದ ಬೆನ್ನು ಮುಟ್ಟಿತು. ಮತ್ತೆ ಬಾಗಿ ಇನ್ನೊಂದರ ಬೆನ್ನು ಮುಟ್ಟಿತು. ಎರಡರ ನಡುವೆ, ಕಿಟಕಿಯ ಬಿಸಿಲಿನಲ್ಲಿ, ಮೊದಲ ಎಳೆ ಮಿಂಚಿತು.